ಸೂಜಿಯ ದುಡಿಮೆಗೂ ನ್ಯಾಯದ ಬೆಲೆ ಬೇಕು

ಸಂಜೆಯ ಬಸ್ಸು ರಾಯಚೂರಿನಿಂದಲೋ ಮಾನ್ವಿಯಿಂದಲೋ ಬಂದು ಮಲ್ಲಟದಂಥ ಊರಿನಲ್ಲಿ ನಿಂತಾಗ, ಅದರಿಂದ ಇಳಿಯುವವರಲ್ಲಿ ಖಾಸಗಿ ಶಾಲೆಯಲ್ಲಿ ಪಾಠ ಹೇಳಿ ಬಂದ ಶಿಕ್ಷಕಿ ಇರುತ್ತಾರೆ, ಆಸ್ಪತ್ರೆಯ ಪಾಳಿ ಮುಗಿಸಿ ಬಂದ ದಾದಿ ಇರುತ್ತಾರೆ, ಅಂಗಡಿಯಲ್ಲಿ ಲೆಕ್ಕ ಬರೆದು ಬಂದ ಹೆಣ್ಣುಮಗಳು ಇರುತ್ತಾಳೆ. ಮನೆ ಸೇರಿ, ರೊಟ್ಟಿ ಬಡಿದು, ಮಕ್ಕಳಿಗೆ ಉಣಬಡಿಸಿ, ಜಪಸರ ಮುಗಿಸಿದ ಮೇಲೆ ಇವರ ದಿನ ಮುಗಿಯಿತೆಂದು ನಾವು ಭಾವಿಸಿದರೆ ಅದು ನಮ್ಮ ತಪ್ಪು. ಮೂಲೆಯಲ್ಲಿ ಮುಸುಕು ಹೊದ್ದು ಕುಳಿತ ಹೊಲಿಗೆ ಯಂತ್ರ ಎಚ್ಚರಗೊಳ್ಳುವುದು ಆಗಲೇ. ಕುಪ್ಪಸ, ಲಂಗ, ಸೀರೆಗೆ ಫಾಲು ಮತ್ತು ಪಿಕೋ, ಕೂಸಿಗೆ ಕುಂಚಿಗೆ ಮತ್ತು ಕುಲಾವಿ, ಚಳಿಗಾಲಕ್ಕೊಂದು ಕೌದಿ - ಹೀಗೆ ಒಂದಲ್ಲ ಒಂದು ಕೆಲಸ ಅವರಿಗಾಗಿ ಕಾದಿರುತ್ತದೆ.

ಹಗಲಿನ ನೌಕರಿಯ ಜೊತೆಗೆ ರಾತ್ರಿಯ ಹೊಲಿಗೆಯನ್ನು ನಡೆಸಿಕೊಂಡು ಹೋಗುವ ಇಂಥ ಮನೆಗಳು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇವೆ. ಇವರನ್ನು ಕುರಿತು ನಾವು ಆಡುವ ಮಾತು ಸಾಮಾನ್ಯವಾಗಿ ಒಂದೇ: “ಪಾಪ, ಬಹಳ ಕಷ್ಟಪಡುತ್ತಾಳೆ.” ಆದರೆ ಆ ಕಷ್ಟಕ್ಕೆ ತಕ್ಕ ಬೆಲೆಯನ್ನು ಕೊಡುವವರು ಯಾರು? ಈ ವಾರ ನಾವು ಓದುಗರ ಮುಂದಿಡಬಯಸುವ ಪ್ರಶ್ನೆ ಇದೇ.

ಮುಖ್ಯ ವೃತ್ತಿಯ ಜೊತೆಗೆ ಕೈಕಸುಬೊಂದನ್ನು ಇಟ್ಟುಕೊಳ್ಳುವುದು ನಾಚಿಕೆಯ ಸಂಗತಿಯಲ್ಲ. ಸಂತ ಪೌಲರು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸಿಲ್ಲ ದಂಪತಿಗಳ ಮನೆಯಲ್ಲಿದ್ದು ಗುಡಾರ ಮಾಡುವ ಕೆಲಸದಲ್ಲಿ ತೊಡಗಿದ್ದರೆಂಬುದನ್ನು ಪ್ರೇಷಿತರ ಕಾರ್ಯಕಲಾಪಗಳ ಹದಿನೆಂಟನೆಯ ಅಧ್ಯಾಯ ತಿಳಿಸುತ್ತದೆ. ಶುಭಸಂದೇಶ ಸಾರುವುದು ಅವರ ಕರೆ. ಯಾರಿಗೂ ಹೊರೆಯಾಗದಂತೆ ಬದುಕಲು ನೆರವಾದದ್ದು ಅವರ ಕಸುಬು. ನಮ್ಮ ನಾಡಿನಲ್ಲಿಯೂ ಕಸುಬಿನ ಗೌರವ ಹಳೆಯದೇ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ತಮ್ಮ ಹೆಸರಿನಲ್ಲಿಯೇ ಸೂಜಿಯನ್ನು ಹೊತ್ತವರು. ಕಸುಬು ಕೀಳಲ್ಲವೆಂಬುದನ್ನು ಈ ಮಣ್ಣು ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಆದರೆ ಕಸುಬುದಾರರಿಗೆ ಕೊಡಬೇಕಾದ ಹಣದ ವಿಷಯ ಬಂದಾಗ ಮಾತ್ರ ನಮ್ಮ ಒಪ್ಪಿಗೆ ಸಡಿಲಗೊಳ್ಳುತ್ತದೆ.

ರಾಯಚೂರು ಹತ್ತಿಗೆ ಹೆಸರಾದ ಮಾರುಕಟ್ಟೆ. ಎರೆಹೊಲದಲ್ಲಿ ಬೆಳೆದ ಹತ್ತಿ ಗಾಡಿಗಟ್ಟಲೆ ಇಲ್ಲಿಗೆ ಬಂದು, ಬೀಜ ಬೇರ್ಪಟ್ಟು, ಅರಳೆಯಾಗಿ ಹೊರಡುತ್ತದೆ. ಅದು ಎಲ್ಲಿಯೋ ನೂಲಾಗಿ, ಎಲ್ಲಿಯೋ ಬಟ್ಟೆಯಾಗಿ, ಎಲ್ಲಿಯೋ ಸಿದ್ಧ ಉಡುಪಾಗಿ, ಹಲವು ಪಟ್ಟು ಬೆಲೆ ಹೊತ್ತು ನಮ್ಮ ಸಂತೆಗೇ ಮರಳುತ್ತದೆ. ಬೆಳೆದವನಿಗೆ ಸಿಕ್ಕದ್ದು ಅರಳೆಯ ಬೆಲೆ. ಉಳಿದ ಲಾಭವೆಲ್ಲ ಹೊರಗಿನ ಪಾಲು. ಈ ದೃಷ್ಟಿಯಿಂದ ನೋಡಿದರೆ, ನಮ್ಮೂರಿನ ಹೆಣ್ಣುಮಗಳೊಬ್ಬಳು ಬಟ್ಟೆಗೆ ಸೂಜಿ ಹಾಕಿದಾಗಲೆಲ್ಲ ಆ ಲಾಭದ ಒಂದು ಎಳೆಯನ್ನು ಊರಿನಲ್ಲಿಯೇ ಉಳಿಸಿಕೊಳ್ಳುತ್ತಾಳೆ. ಆ ಎಳೆ ಅವಳ ಕೈಯಲ್ಲಿ ಉಳಿಯುತ್ತದೆಯೇ ಎಂಬುದೇ ಪ್ರಶ್ನೆ.

ಒಂದು ಕೌದಿಯ ಲೆಕ್ಕವನ್ನು ಉದಾಹರಣೆಗಾಗಿ ಮಾಡಿ ನೋಡೋಣ. ಹಳೆಯ ಸೀರೆಗಳು ಮನೆಯವೇ ಆದರೂ ಮೇಲುಬಟ್ಟೆ, ಅಂಚು, ನೂಲು ಎಲ್ಲ ಸೇರಿ 400 ರೂಪಾಯಿ ಖರ್ಚಾಯಿತೆನ್ನೋಣ. ದಿನಕ್ಕೆ 2 ಗಂಟೆಯಂತೆ 15 ರಾತ್ರಿ ಕುಳಿತರೆ 30 ಗಂಟೆಯ ಕೈಕೆಲಸ. ಕೌದಿಯನ್ನು 1,000 ರೂಪಾಯಿಗೆ ಕೊಟ್ಟರೆ ಕೈಗೆ ಉಳಿಯುವುದು 600. ಅಂದರೆ ಗಂಟೆಗೆ 20 ರೂಪಾಯಿ, ಎಂಟು ಗಂಟೆಯ ದಿನಕ್ಕೆ 160 ರೂಪಾಯಿ. 2025-26ನೇ ಸಾಲಿಗೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ನಿಗದಿಯಾಗಿದ್ದ ಕೂಲಿಯೇ ದಿನಕ್ಕೆ 370 ರೂಪಾಯಿ. ಮಣ್ಣು ಹೊರುವ ಕೈಗಿಂತ, ಹೂವಿನಂಥ ಹೊಲಿಗೆ ಹಾಕುವ ಕೈಗೆ ಅರ್ಧಕ್ಕಿಂತ ಕಡಿಮೆ! ಹೀಗಿದ್ದರೂ ಕೊಳ್ಳಲು ಬಂದವರು “ಹಳೇ ಸೀರೆಗೆ ಸಾವಿರವೇ?” ಎಂದು ಕೇಳುತ್ತಾರೆ. ಹಳೆಯ ಸೀರೆಯ ಬೆಲೆಯಲ್ಲ ಅದು. ಹದಿನೈದು ರಾತ್ರಿಗಳ ನಿದ್ರೆಯ ಬೆಲೆ.

ಹೊಲಿಯುವವರಲ್ಲಿಯೂ ಒಂದು ತಪ್ಪಿದೆ ಎಂಬುದನ್ನು ಮರೆಮಾಚಲಾಗದು. ಬಟ್ಟೆಯ ಹಣ ಬಂದರೆ ಸಾಕು, ನೂಲಿನ ಹಣ ಬಂದರೆ ಸಾಕು ಎಂದು ಅವರು ತೃಪ್ತರಾಗುತ್ತಾರೆ. ತಮ್ಮ ಹೊತ್ತಿಗೆ ಬೆಲೆ ಕಟ್ಟಲು ಸಂಕೋಚಪಡುತ್ತಾರೆ. ಹಗಲಿನ ಸಂಬಳವಿದೆಯಲ್ಲ ಎಂಬ ಧೈರ್ಯ ಈ ಸಂಕೋಚವನ್ನು ಇನ್ನಷ್ಟು ಬೆಳೆಸುತ್ತದೆ. ಪರಿಣಾಮವಾಗಿ ತಿಂಗಳ ಕೊನೆಗೆ ಹಗಲಿನ ಸಂಬಳವೇ ನೂಲಿಗೂ ಗುಂಡಿಗೂ ಕರಗಿರುತ್ತದೆ. ಕಸುಬು ಮನೆಯನ್ನು ಸಾಕುವ ಬದಲು ಮನೆಯೇ ಕಸುಬನ್ನು ಸಾಕುತ್ತಿರುತ್ತದೆ. ಆದ್ದರಿಂದ ಒಂದು ಪುಸ್ತಕವಿರಲಿ. ಬಂದ ಹಣ, ಹೋದ ಹಣ, ಕುಳಿತ ಗಂಟೆ ಮೂರನ್ನೂ ಅದರಲ್ಲಿ ಬರೆಯುವ ಅಭ್ಯಾಸವಿರಲಿ. ಸಾಧ್ಯವಾದರೆ ಹೊಲಿಗೆಯ ಹಣಕ್ಕೆ ಬೇರೆಯದೇ ಬ್ಯಾಂಕ್ ಖಾತೆಯಿರಲಿ. ಹನಿ ಹನಿ ಕೂಡಿದರೆ ಹಳ್ಳವಾಗುವುದು ನಿಜ. ಆದರೆ ಹನಿ ಎಲ್ಲಿ ಸೋರುತ್ತಿದೆ ಎಂಬುದು ತಿಳಿದಿದ್ದರೆ ಮಾತ್ರ.

ಎರಡನೆಯ ತೊಂದರೆ ಉದ್ರಿಯದು. ಕ್ರಿಸ್ತ ಜಯಂತಿಗೆ ಇನ್ನೊಂದು ತಿಂಗಳಿರುವಾಗ ಬಟ್ಟೆಯ ಗಂಟುಗಳು ಹೊಲಿಯುವವರ ಮನೆಗೆ ಬಂದು ಬೀಳುತ್ತವೆ. ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುವ ಮಕ್ಕಳ ಬಿಳಿಯ ಉಡುಪು, ಮದುವೆಯ ಕುಪ್ಪಸ, ಹಬ್ಬದ ಲಂಗ - ಎಲ್ಲವೂ ನಾಳೆಯೇ ಬೇಕು. ಹಣ ಮಾತ್ರ ಹಬ್ಬ ಕಳೆದ ಮೇಲೆ. ಹಬ್ಬ ಕಳೆದ ಮೇಲೆ ಕೇಳಿದರೆ “ನಾವೇನು ಹೊರಗಿನವರೇ?” ಎಂಬ ಮುನಿಸು. ನಮ್ಮವರೆಂಬ ಸಲಿಗೆ ಕೊಡುವುದನ್ನು ಹೆಚ್ಚಿಸಬೇಕೇ ಹೊರತು ಕಡಿಮೆ ಮಾಡಬಾರದಲ್ಲವೇ? ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಒಂದೇ ಪೀಠದ ಮುಂದೆ ಮಂಡಿಯೂರುವವರ ನಡುವೆ ನಿಜವಾಗಬಾರದು. ಪಟ್ಟಣದ ದೊಡ್ಡ ಅಂಗಡಿಯಲ್ಲಿ ಚೀಟಿಯಲ್ಲಿ ಬರೆದ ಬೆಲೆಯನ್ನು ಮರುಮಾತಿಲ್ಲದೆ ಕೊಡುವ ನಾವು, ನೆರೆಮನೆಯ ಸಹೋದರಿಯೊಡನೆ ಐವತ್ತು ರೂಪಾಯಿಗೆ ಚೌಕಾಶಿ ಮಾಡುತ್ತೇವೆ.

ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲಿ ಹೊರಡಿಸಿದ ‘ರೇರುಮ್ ನೊವಾರುಮ್’ ಪರಿಪತ್ರ ಕಾರ್ಮಿಕನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಬೋಧಿಸಿತು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ತಮ್ಮ ಹೆಸರನ್ನು ಆರಿಸಿಕೊಳ್ಳುವಾಗ ಸ್ಮರಿಸಿದ್ದು ಇದೇ ಪರಿಪತ್ರವನ್ನು. ಕಾರ್ಖಾನೆಯ ಮಾಲೀಕರಿಗಷ್ಟೇ ಈ ಬೋಧನೆ ಅನ್ವಯಿಸುವುದೆಂದು ನಾವು ತಿಳಿದಿದ್ದೇವೆ. ಒಂದು ಕುಪ್ಪಸ ಹೊಲಿಯಲು ಕೊಟ್ಟ ಗಳಿಗೆಯಲ್ಲಿ ನಾವೂ ಕೆಲಸ ಕೊಟ್ಟವರಾಗಿದ್ದೇವೆ ಎಂಬುದನ್ನು ಮರೆತಿದ್ದೇವೆ.

ಮೂರನೆಯದು ದೇಹದ ಮಾತು. ಹಗಲೆಲ್ಲ ನಿಂತು ದುಡಿದವರು ರಾತ್ರಿಯೆಲ್ಲ ಬಗ್ಗಿ ಕುಳಿತರೆ ಕತ್ತು, ಬೆನ್ನು, ಕಣ್ಣು ಮೂರೂ ಸೋಲುತ್ತವೆ. ಬೆಳಕು ಚೆನ್ನಾಗಿರಲಿ, ಕುರ್ಚಿ ಯಂತ್ರದ ಎತ್ತರಕ್ಕೆ ಹೊಂದಿಕೊಳ್ಳಲಿ, ಗಂಟೆಗೊಮ್ಮೆ ಎದ್ದು ನಡೆಯುವ ರೂಢಿಯಿರಲಿ. ಭಾನುವಾರ ಯಂತ್ರದ ಮೇಲಿನ ಮುಸುಕನ್ನು ತೆಗೆಯದಿರುವುದು ಧರ್ಮಪಾಲನೆಯಷ್ಟೇ ಅಲ್ಲ, ಆರೋಗ್ಯಪಾಲನೆಯೂ ಹೌದು. ಮನೆಯ ಗಂಡಸರು ಒಂದು ಮಾತನ್ನು ಗಮನಿಸಬೇಕು: ಹೊಲಿಗೆಯ ಹಣ ಮನೆಗೆ ಬೇಕೆಂದಾದರೆ, ಪಾತ್ರೆ ತೊಳೆಯುವ ಕೆಲಸವೂ ನೀರು ತುಂಬುವ ಕೆಲಸವೂ ಅವರ ಪಾಲಿಗೆ ಬರಬೇಕು. ಆ ಹೊರೆಯನ್ನು ಹೆಣ್ಣುಮಕ್ಕಳ ತಲೆಗೆ ದಾಟಿಸಿ, ಅವರ ಓದಿನ ಹೊತ್ತಿನಲ್ಲಿ ಕಾಜಾ ಹಾಕಲು, ಗುಂಡಿ ಹಚ್ಚಲು ಕೂರಿಸಿದರೆ, ತಾಯಿಯ ದುಡಿಮೆ ಮಗಳ ಭವಿಷ್ಯವನ್ನು ತಿಂದಂತೆ.

ಇನ್ನು ನಿಯಮಗಳ ವಿಷಯ. ಸರ್ಕಾರಿ ನೌಕರಿಯಲ್ಲಿರುವವರು ಪೂರ್ವಾನುಮತಿಯಿಲ್ಲದೆ ವ್ಯಾಪಾರ ನಡೆಸುವಂತಿಲ್ಲವೆಂದು ರಾಜ್ಯದ ನಾಗರಿಕ ಸೇವಾ ನಡತೆ ನಿಯಮಗಳು ಹೇಳುತ್ತವೆ. ಅವರು ಮೊದಲು ಮೇಲಧಿಕಾರಿಗಳನ್ನು ಕೇಳುವುದೇ ಕ್ಷೇಮ. ಖಾಸಗಿ ಸಂಸ್ಥೆಯವರು ನೇಮಕಾತಿ ಪತ್ರವನ್ನು ಮತ್ತೊಮ್ಮೆ ಓದಿಕೊಳ್ಳಲಿ. ಯಾರದೇ ನೌಕರಿಯಾಗಲಿ, ನೌಕರಿಯ ಹೊತ್ತನ್ನು ಹೊಲಿಗೆಗೆ ಕದಿಯಬಾರದು. ನಮ್ಮ ಹೊತ್ತಿಗೆ ಬೆಲೆ ಕೇಳುವ ನಾವು ಇನ್ನೊಬ್ಬರು ಹಣ ಕೊಟ್ಟ ಹೊತ್ತನ್ನು ಅವರಿಗೇ ಕೊಡಬೇಕಾದದ್ದು ನ್ಯಾಯ. ಆದಾಯ ತೆರಿಗೆಯ ವಿವರ ಸಲ್ಲಿಸುವಾಗ ಸಂಬಳದ ಜೊತೆಗೆ ಈ ಗಳಿಕೆಯನ್ನೂ ತೋರಿಸಬೇಕು.

ನೆರವಿನ ದಾರಿಗಳೂ ಇವೆ. ಸಣ್ಣ ಉದ್ಯಮಗಳಿಗಾಗಿ 2020ರ ಜುಲೈ 1ರಿಂದ ಜಾರಿಯಲ್ಲಿರುವ ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ. ಮಧ್ಯವರ್ತಿಗಳಿಗೆ ಹಣ ಕೊಡುವ ಅಗತ್ಯವಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ಅದರಲ್ಲಿ ತರಬೇತಿ, ಸಲಕರಣೆಗೆ 15,000 ರೂಪಾಯಿಯವರೆಗಿನ ನೆರವು, ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿಯವರೆಗೆ ಸಾಲ - ಇಷ್ಟನ್ನು ಹೇಳಲಾಗಿದೆ. ಆದರೆ ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಸರ್ಕಾರಿ ಸೇವೆಯಲ್ಲಿರುವವರ ಕುಟುಂಬಕ್ಕೆ ಇಲ್ಲ. ಸಾಲ ಸುಲಭವೆಂದು ಮೂರು ಯಂತ್ರ ಕೊಂಡು ಒಂದನ್ನೇ ತುಳಿಯುವ ದುಡುಕು ಬೇಡ.

ಕೈಹೊಲಿಗೆಗೆ ಮಾರುಕಟ್ಟೆಯೇ ಇಲ್ಲವೆಂಬ ನಿರಾಶೆಗೆ ಕಾರಣವಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಸೀಮೆಯ ಸಿದ್ದಿ ಮಹಿಳೆಯರನ್ನು ನೋಡೋಣ. ಅವರಲ್ಲಿ ಕಥೋಲಿಕರೂ ಇದ್ದಾರೆ. ಹಗಲು ಕೂಲಿನಾಲಿ ಮಾಡಿ, ಬಿಡುವಿನಲ್ಲಿ ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿನತ್ತ ಜೋಡಿಸುತ್ತ ಅವರು ಹೊಲಿಯುವ ಕೌದಿಗೆ ‘ಕವಂದ್’ ಎಂದು ಹೆಸರು. ಕಥೋಲಿಕ ಸಿದ್ದಿಯರ ಕವಂದ್‌ನಲ್ಲಿ ಶಿಲುಬೆಯ ಆಕೃತಿಯೂ ಕಾಣುವುದುಂಟು. ಮನೆಯವರ ಚಳಿಗಾಗಿ ಹೊಲಿಯುತ್ತಿದ್ದ ಈ ಹೊದಿಕೆ, ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಾಲ್ ಅವರ ಆಸಕ್ತಿಯಿಂದಲೂ ಮಹಿಳೆಯರು ಸಹಕಾರಿಯಾಗಿ ಒಗ್ಗೂಡಿದ್ದರಿಂದಲೂ ಹೊರನಾಡಿನ ಕಲಾಸಂಗ್ರಹಗಳನ್ನು ಮುಟ್ಟಿತು. ನಮ್ಮ ನೆರೆಯ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರದ ಲಂಬಾಣಿ ಮಹಿಳೆಯರು 450ಕ್ಕೂ ಹೆಚ್ಚು ಮಂದಿ ಸೇರಿ ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳು 2023ರ ಜುಲೈನಲ್ಲಿ ಹಂಪಿಯಲ್ಲಿ ಪ್ರದರ್ಶನಗೊಂಡು ಗಿನ್ನೆಸ್ ದಾಖಲೆಗೆ ಸೇರಿದವು. ಎರಡೂ ಕಡೆ ಕಾಣುವ ಪಾಠ ಒಂದೇ: ಒಬ್ಬಳೇ ಮಾರಿದರೆ ಚೌಕಾಶಿ, ಹತ್ತು ಮಂದಿ ಕೂಡಿ ಮಾರಿದರೆ ಬೆಲೆ. ಮಾನ್ವಿ, ದೇವದುರ್ಗ, ಸಿರವಾರದ ಸ್ವಸಹಾಯ ಸಂಘಗಳು ಬಟ್ಟೆ ಮತ್ತು ನೂಲನ್ನು ಒಟ್ಟಾಗಿ ಸಗಟು ದರದಲ್ಲಿ ತಂದು, ಒಂದೇ ದರಪಟ್ಟಿಯನ್ನು ಇಟ್ಟುಕೊಂಡರೆ ಅರ್ಧ ತೊಂದರೆ ಅಲ್ಲಿಯೇ ತೀರುತ್ತದೆ.

ಹೊಲಿಗೆ ಚೆನ್ನಾಗಿ ನಡೆಯುತ್ತಿದೆ, ಹಗಲಿನ ನೌಕರಿಯನ್ನು ಬಿಡಲೇ ಎಂದು ಕೇಳುವವರಿಗೆ ನಮ್ಮ ಸಲಹೆ: ಹಬ್ಬದ ತಿಂಗಳ ಗಳಿಕೆಯನ್ನು ನೋಡಿ ನಿರ್ಧರಿಸಬೇಡಿ. ಆಷಾಢದ ಮತ್ತು ತಪಸ್ಸುಕಾಲದ ಗಳಿಕೆಯನ್ನು ನೋಡಿ, ಇಡೀ ವರ್ಷದ ಪುಸ್ತಕವನ್ನು ಮುಂದಿಟ್ಟುಕೊಂಡು ಮನೆಯವರೆಲ್ಲ ಕುಳಿತು ಮಾತನಾಡಿ. ಬಿಡದಿದ್ದರೂ ಸೋಲಲ್ಲ, ಎರಡನ್ನೂ ಮಿತದಲ್ಲಿ ನಡೆಸುವುದೂ ಒಂದು ಗೆಲುವೇ.

ಜೊಪ್ಪ ಪಟ್ಟಣದ ತಬಿಥಾಳನ್ನು ನಾವು ಬಲ್ಲೆವು. ಅವಳು ಸತ್ತಾಗ ವಿಧವೆಯರು ಅವಳು ಹೊಲಿದುಕೊಟ್ಟ ಅಂಗಿಗಳನ್ನು ಸಂತ ಪೇತ್ರರಿಗೆ ತೋರಿಸಿ ಅತ್ತರು. ಹೊಲಿಯುವವರು ಧರ್ಮಾರ್ಥ ದುಡಿಯಬೇಕೆಂಬುದಕ್ಕೆ ಈ ಕಥೆಯನ್ನು ಎತ್ತಿ ಹೇಳುವವರಿದ್ದಾರೆ. ಆದರೆ ದಾನ ಕೊಡುವವಳ ಮನಸ್ಸಿನಿಂದ ಹುಟ್ಟಬೇಕು; ಪಡೆಯುವವನು ಅದನ್ನು ರಿಯಾಯಿತಿಯೆಂದು ಕೇಳಿ ಕಸಿದರೆ ಅದು ದಾನವಲ್ಲ. ಮೊದಲು ಅವಳ ಹಕ್ಕಿನ ಹಣ ಅವಳ ಕೈ ಸೇರಲಿ. ಅದರಲ್ಲಿ ಬಡವರಿಗೆ ಎಷ್ಟು ಕೊಡಬೇಕೆಂಬುದನ್ನು ಅವಳೇ ನಿರ್ಧರಿಸಲಿ. ಯಾರದಾದರೂ ಹೊಲಿಗೆಯ ಹಣ ನಮ್ಮಲ್ಲಿ ಉಳಿದಿದ್ದರೆ, ಬರುವ ಭಾನುವಾರದ ಬಲಿಪೂಜೆಗೆ ಹೋಗುವ ಮುನ್ನ ಅದನ್ನು ತಲುಪಿಸಿ ಬರೋಣ. ನಮ್ಮ ಮೈಮೇಲಿನ ಹಬ್ಬದ ಬಟ್ಟೆ ಆಗ ನಿಜವಾಗಿ ನಮ್ಮದಾಗುತ್ತದೆ.