ಆನೆಯ ಬೆಲೆ, ಮೇವಿನ ಬೆಲೆ

ಹೊಸದರಲ್ಲಿ ಸಿರಿವಂತರ ಅಂಗಳವನ್ನು ಬೆಳಗಿದ ಕಾರು, ಹಳೆಯದಾಗಿ ಸಾಮಾನ್ಯ ಗೃಹಸ್ಥನ ಕೈಗೆಟಕುವ ಬೆಲೆಗೆ ಇಳಿದಾಗ ಅವನ ಮನಸ್ಸು ಜಾರುವುದು ಸಹಜ. ಆದರೆ ಇಳಿಯುವುದು ಕಾರಿನ ಬೆಲೆಯೇ ಹೊರತು ಬಿಡಿಭಾಗಗಳ ಬೆಲೆಯಲ್ಲ. ಆನೆಗೆ ಮುಪ್ಪು ಬಂದರೂ ಮೇವು ಆನೆಯದೇ!

ಜರ್ಮನಿಯ ಪೋರ್ಷೆ ಸಂಸ್ಥೆ 2002ರಲ್ಲಿ ಹೊರತಂದ ಕಯೆನ್ ಎಂಬ ಐಷಾರಾಮಿ ಕ್ರಾಸೋವರನ್ನೇ ನೋಡಬಹುದು. ಮೊದಲ ವರ್ಷಗಳ ಕಯೆನ್‌ಗಳ ಎಂಟು ಸಿಲಿಂಡರಿನ ಎಂಜಿನ್ನಿನಲ್ಲಿ, ತಂಪುನೀರನ್ನು ಸಾಗಿಸುವ ಕೆಲವು ಕೊಳವೆಗಳು ಪ್ಲಾಸ್ಟಿಕ್ಕಿನವು. ವರ್ಷಗಟ್ಟಲೆ ಕಾವುಂಡು ಅವು ಬಿರಿಯುವುದುಂಟು. ನೀರು ಸೋರಿದರೆ ಎಂಜಿನ್ನಿಗೇ ಅಪಾಯ. ಅಲ್ಯೂಮಿನಿಯಮ್ ಕೊಳವೆಗಳನ್ನು ಜೋಡಿಸಿದರೆ ದೋಷವೇನೋ ನೀಗುತ್ತದೆ. ಆದರೆ ಅವುಗಳ ಸ್ಥಾನ, ಎಂಜಿನ್ನಿಗೆ ಗಾಳಿಯೂಡುವ ದೊಡ್ಡ ಭಾಗದ ಅಡಿಯಲ್ಲಿ. ಅದನ್ನು ಕಳಚಿ ಮರಳಿ ಕೂಡಿಸುವ ಕೂಲಿಯೇ ಕೊಳವೆಯ ಬೆಲೆಯನ್ನು ಮೀರೀತು.

ಎಮ್ಮೆಯನ್ನು ನೀರಿನಲ್ಲಿ ಬಿಟ್ಟು ವ್ಯಾಪಾರ ಮಾಡುವುದು ಜಾಣತನವಲ್ಲ. ಹಣ ಎಣಿಸುವ ಮುನ್ನ, ಆ ಜಾತಿಯ ಗಾಡಿಯನ್ನು ಬಲ್ಲ ಮೆಕ್ಯಾನಿಕ್ಕಿಗೆ ತೋರಿಸಿ, ಹಿಂದಿನ ದುರಸ್ತಿಗಳ ರಸೀದಿಗಳನ್ನು ಕೇಳಿ ನೋಡುವುದು ಲೇಸು. ಕೊಳ್ಳುವ ಹಣದ ಪಕ್ಕದಲ್ಲಿ ದುರಸ್ತಿಯ ಹಣವನ್ನೂ ತೆಗೆದಿರಿಸಲಾರದ ಸಂಸಾರದಲ್ಲಿ, ಆನೆಯ ಮೇವಿಗೆ ಹೋಗುವುದು ಮಕ್ಕಳ ಓದಿಗೆಂದು ಕೂಡಿಟ್ಟ ಗಂಟು.