ಬನದ ತರಗೆಲೆ

ಮೀನ ಮಾಸದ ಬಿಸಿಲು ಏರುತ್ತಿದ್ದಂತೆ ಕಾಸರಗೋಡು ಸೀಮೆಯ ಮುರಕಲ್ಲಿನ ಪದವುಗಳಲ್ಲಿ ಹುಲ್ಲು ಒಣಗಿ ನೆಲ ಕಾಯತೊಡಗುತ್ತದೆ. ಇಂತಹ ದಿನಗಳಲ್ಲಿ ಹಕ್ಕಿಗಳಿಗೂ ಚಿಟ್ಟೆಗಳಿಗೂ ಆಸರೆಯಾಗುವುದು ನಮ್ಮ ಊರೂರುಗಳ ನಾಗಬನ. ಕೆಲವೇ ಸೆಂಟ್ಸು ವಿಸ್ತೀರ್ಣದ ಆ ತಂಪಿನಲ್ಲಿ ಬೇಸಗೆಯ ಆರಂಭಕ್ಕೆ ಏನೇನು ನಡೆಯುತ್ತದೆಂಬುದನ್ನು ಈ ತಿಂಗಳು ಗಮನಿಸೋಣ.

ಮೊದಲು ಕಿವಿಗೆ ಬೀಳುವುದು ಕುಟ್ರುಹಕ್ಕಿಯ ಎಡೆಬಿಡದ ಕೂಗು, ಬಳಿಕ ಕೋಗಿಲೆ. ಮಡಿವಾಳ ಹಕ್ಕಿಗೆ ಇದು ಗೂಡು ಕಟ್ಟುವ ಕಾಲವಾದ್ದರಿಂದ ಮುಂಜಾವದಲ್ಲಿ ಎತ್ತರದ ಕೊಂಬೆಯೇರಿ ಹಾಡುತ್ತದೆ. ಇವೆಲ್ಲ ಊರಿನವೇ. ನವರಂಗ ಮಾತ್ರ ಅತಿಥಿ. ಹಸುರು ಬೆನ್ನು, ನೀಲಿ ಛಾಯೆಯ ರೆಕ್ಕೆ, ಬಾಲದಡಿಯಲ್ಲಿ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ. ಮುಂಜಾನೆ ಮತ್ತು ಮುಸ್ಸಂಜೆ ಕೂಗುವ ಇದನ್ನು ತಮಿಳರು ‘ಆರು ಮಣಿ ಕುರುವಿ’ ಎನ್ನುತ್ತಾರೆ. ಅಕ್ಟೋಬರದ ಸುಮಾರಿಗೆ ಬಂದ ಈ ಹಕ್ಕಿ, ಬಿಸು ಹಬ್ಬದ ಆಸುಪಾಸಿನಲ್ಲಿ ಮಧ್ಯಭಾರತದ ಗುಡ್ಡಗಳಿಗೂ ಹಿಮಾಲಯದ ತಪ್ಪಲಿಗೂ ಮರಳುತ್ತದೆ. ತರಗೆಲೆಗಳನ್ನು ಮಗುಚಿ, ಅಡಿಯಲ್ಲಿರುವ ಹುಳುಹುಪ್ಪಟೆಗಳನ್ನು ಹೆಕ್ಕಿ ತಿಂದು, ಆ ದೀರ್ಘ ಪಯಣಕ್ಕೆ ಬುತ್ತಿ ಕಟ್ಟಿಕೊಳ್ಳುತ್ತದೆ.

ಚಿಟ್ಟೆಗಳ ಸಂಗತಿಯೂ ಹೀಗೆಯೇ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರು. ಅದರ ಮರಿಹುಳು ಈಶ್ವರ ಬಳ್ಳಿಯ ಎಲೆಯನ್ನು ತಿಂದು, ಅದರ ವಿಷವನ್ನು ಮೈಯಲ್ಲಿ ಸೇರಿಸಿಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಕೇರಳವು 2018ರಲ್ಲಿ ರಾಜ್ಯ ಚಿಟ್ಟೆಯೆಂದು ಸಾರಿದ ‘ಬುದ್ಧ ಮಯೂರಿ’ ಮೊಟ್ಟೆಯಿಡುವುದು ಮುಳ್ಳು ತುಂಬಿದ ಜುಮ್ಮನಕಾಯಿ ಮರದಲ್ಲಿ. ಬಿಸು ಕಣಿಗೆ ಹೂ ಕೊಡುವ ಕೊನ್ನೆಯ ಎಲೆಯೂ ತಿಳಿಹಳದಿ ಚಿಟ್ಟೆಯೊಂದರ ಮರಿಗಳಿಗೆ ಆಹಾರ. ಎರಡು ರಾಜ್ಯಗಳು ಹೆಮ್ಮೆಪಡುವ ಚಿಟ್ಟೆಗಳಿಗೆ ಗಡಿ ತಿಳಿಯದು. ಬಳ್ಳಿ ಮತ್ತು ಮರ ತಿಳಿದಿದೆ.

ಆದರೆ ಇಂದು ಜೀರ್ಣೋದ್ಧಾರದ ಹೆಸರಿನಲ್ಲಿ ಹಲವು ಬನಗಳ ಬಳ್ಳಿ ಕಡಿದು, ನೆಲಕ್ಕೆ ಕಾಂಕ್ರೀಟು ಹಾಸಿ, ನಾಗನಿಗೆ ಸಿಮೆಂಟಿನ ಕಟ್ಟೆ ಕಟ್ಟಲಾಗುತ್ತಿದೆ. ಭಕ್ತಿಗೆ ಕೊರತೆಯಿಲ್ಲ, ಆದರೆ ಬನವೇ ಇಲ್ಲದ ನಾಗಬನವಾಯಿತಲ್ಲ! ಬನದ ಒಂದು ಕಡ್ಡಿಯನ್ನೂ ಮುರಿಯಬಾರದೆಂಬ ಹಿರಿಯರ ಕಟ್ಟಳೆ ಈ ಜೀವಗಳನ್ನೆಲ್ಲ ಕಾಪಾಡಿಕೊಂಡು ಬಂದಿತ್ತು.

ಪೂಜೆಗೆ ಹೋಗುವವರಿಗೆ ಹಾವಿನ ಭಯ, ಬೇಸಗೆಯಲ್ಲಿ ಬೆಂಕಿಯ ಭಯ ಸಹಜವೇ. ಅದಕ್ಕೆ ಕಲ್ಲಿನವರೆಗಿನ ಕಾಲುದಾರಿಯನ್ನು ಗುಡಿಸಿದರೆ ಸಾಕು. ಬನದ ಹೊರಗೆ ಸುತ್ತಲೂ ಒಣಹುಲ್ಲು ಸವರಿದರೆ ಬೆಂಕಿಯೂ ಒಳಬಾರದು. ಉಳಿದ ತರಗೆಲೆ ಬಿದ್ದಲ್ಲೇ ಇರಲಿ. ಕುಟುಂಬದ ಸಭೆಯಲ್ಲಿ ಜೀರ್ಣೋದ್ಧಾರದ ಮಾತು ಬಂದಾಗ ಈ ಸಲಹೆಯನ್ನು ಹಿರಿಯರ ಮುಂದಿಡಿರಿ.

ಮಕ್ಕಳಿಗೊಂದು ಕೆಲಸ: ಈ ವರ್ಷ ನವರಂಗದ ಕೂಗು ಕೊನೆಯ ಬಾರಿಗೆ ಕೇಳಿದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತಿಸಿರಿ. ಅಕ್ಟೋಬರದಲ್ಲಿ ಮತ್ತೆ ಕಿವಿಗೊಟ್ಟು, ಅದು ಮರಳಿದ ದಿನವನ್ನೂ ಬರೆದಿಡಿರಿ.