ಕಂಪನಿ ತೋಟ ದಾನವಲ್ಲ

ಕಲ್ಕತ್ತೆಯ ಬಳಿಯ ಶಿಬ್‌ಪುರದ ಸಸ್ಯೋದ್ಯಾನ ಬ್ರಿಟಿಷರು ನಮಗೆ ಕೊಟ್ಟ ಶುದ್ಧ ವಿಜ್ಞಾನದ ಕಾಣಿಕೆ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಇದನ್ನು ಒಪ್ಪಲಾರೆ. 1787ರಲ್ಲಿ ರಾಬರ್ಟ್ ಕಿಡ್ ಅದನ್ನು ಕಟ್ಟಿದ್ದು ಈಸ್ಟ್ ಇಂಡಿಯಾ ಕಂಪನಿಗಾಗಿ. ಹಡಗಿಗೆ ತೇಗ, ವ್ಯಾಪಾರಕ್ಕೆ ಸಾಂಬಾರ ಪದಾರ್ಥ ಬೆಳೆಯಲು. ಕ್ಷಾಮದ ಚಿಂತೆಯೂ ಅವನಿಗಿತ್ತು, ನಿಜ. ಆದರೆ ಕಂಪನಿ ಹಣ ಬಿಚ್ಚಿದ್ದು ಲಾಭದ ಆಸೆಗೆ.

ವಿಜ್ಞಾನ ನಡೆಯಲಿಲ್ಲವೇ? ನಡೆಯಿತು. ಯಾರ ಕೈಯಿಂದ ಎಂಬುದನ್ನೇ ಲೇಖಕರು ಕೇಳಿಲ್ಲ. 1793ರಿಂದ ತೋಟ ನೋಡಿಕೊಂಡ ರಾಕ್ಸ್‌ಬರೋ ಮಾಡಿಸಿದ 2,500ಕ್ಕೂ ಹೆಚ್ಚು ಸಸ್ಯಚಿತ್ರಗಳನ್ನು ಬರೆದವರು ಭಾರತೀಯ ಕಲಾವಿದರು. ಎಲೆಯ ನರ, ಕೇಸರದ ತುದಿ, ಸೀಳಿದ ಕಾಯಿಯೊಳಗಿನ ಬೀಜ, ಯಾವುದನ್ನೂ ಬಿಡದೆ ಬಿಡಿಸಿದ ಅವರಲ್ಲಿ ಬಹುತೇಕರ ಹೆಸರೇ ಉಳಿದಿಲ್ಲ. ಇದನ್ನು ಮರೆವು ಎಂದು ಕರೆಯಲು ನನಗೆ ಮನಸ್ಸಿಲ್ಲ, ಅನ್ಯಾಯ ಅದು.

ಇನ್ನು ಹರ್ಬೇರಿಯಂ. ಒಣಗಿಸಿ ಕಾಪಿಟ್ಟ ಸಸ್ಯಮಾದರಿಗಳ ಭಾರಿ ಸಂಗ್ರಹವನ್ನು ತೋಟದ ನಂತರದ ಮುಖ್ಯಸ್ಥ ವಾಲಿಚ್ 1828ರಲ್ಲಿ ಲಂಡನ್ನಿಗೆ ಒಯ್ದು ಯುರೋಪಿನ ಸಂಸ್ಥೆಗಳಿಗೆ ಹಂಚಿದ. ಒಂದು ಪ್ರಭೇದದ ಹೆಸರನ್ನು ನಿರ್ಧರಿಸುವುದು ಅದರ ಮೂಲ ಮಾದರಿಯೇ; ಅಂಥ ಹಲವು ಮಾದರಿಗಳು ಈ ಸಂಗ್ರಹದೊಂದಿಗೆ ಹೋದವು. ನಮ್ಮ ಕಾಡಿನ ಎಷ್ಟೋ ಗಿಡಗಳನ್ನು ಖಚಿತವಾಗಿ ಗುರುತಿಸಲು ನಮ್ಮ ಸಂಶೋಧಕರು ಲಂಡನ್ನಿನ ಕ್ಯೂ ಉದ್ಯಾನದ ಬಾಗಿಲು ತಟ್ಟಬೇಕಾಗಿ ಬಂದದ್ದು ಹೀಗೆ.